ಪರದೆಯ ಮೇಲೆ ಇಳಿಯುವ ಒಂದು ಸಾಲು

ಕೇಳುಗರೆಲ್ಲರಿಗೆ ನಮಸ್ಕಾರ. ತಲಪಾಡಿಯಿಂದ ನೀಲೇಶ್ವರದವರೆಗೆ ಹೆದ್ದಾರಿ 66ರಲ್ಲಿ ಲಾರಿ ಓಡಿಸುವವರು, ಲೈಂಗಿಕ ವೃತ್ತಿಯಲ್ಲಿರುವ ಅಕ್ಕಂದಿರು, ಗಂಡಸರೊಡನೆ ಸಂಬಂಧ ಇರುವ ಗಂಡಸರು, ಮಂಗಳಮುಖಿಯರು, ಇವರ ನಡುವೆ ಓಡಾಡುವ ಕಾರ್ಯಕರ್ತರು, ಇವತ್ತಿನ ಮಾತು ನಿಮಗಾಗಿ. ಎಚ್‌ಐವಿ ತಡೆಯಲು ಕೈಯಲ್ಲಿರುವ ಫೋನು ತುಂಬ ಉಪಕಾರಿ. ಪರೀಕ್ಷೆಯ ದಿನ ನೆನಪಿಸುತ್ತದೆ, ಹತ್ತಿರದ ಕೇಂದ್ರಕ್ಕೆ ದಾರಿ ತೋರಿಸುತ್ತದೆ, ಮುಖ ಕೊಟ್ಟು ಕೇಳಲಾಗದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಆದರೆ ನಾನು ಹೇಳಬೇಕಾದದ್ದು ಒಂದೇ. ಆರೋಗ್ಯದ ಆ್ಯಪ್ ಹಾಕಿಕೊಂಡ ಕೂಡಲೇ, ಬೇರೇನನ್ನೂ ಒತ್ತುವ ಮೊದಲು, ಅದರ ನೋಟಿಫಿಕೇಶನ್ ಸರಿಮಾಡಿಕೊಳ್ಳಿ.

ಯಾಕೆಂದರೆ, ಒಬ್ಬ ಚಾಲಕರ ವಿಷಯ ಕೇಳಿ. ಹೆಸರು ಬೇಡ. ಮಂಗಳೂರಿನ ಧಕ್ಕೆಯಿಂದ ಮೀನು ತುಂಬಿಸಿಕೊಂಡು ಕೊಚ್ಚಿಗೆ ಹೊರಟ ಲಾರಿ. ಫೋನು ಸ್ಟೀರಿಂಗಿನ ಪಕ್ಕದ ಸ್ಟ್ಯಾಂಡಿನಲ್ಲಿ, ಪರದೆಯ ತುಂಬ ಮ್ಯಾಪು. ಪಕ್ಕದಲ್ಲಿ ಅವರ ಊರಿನವನೇ ಆದ ಕ್ಲೀನರ್ ಹುಡುಗ. ಕುಂಬಳೆ ದಾಟುವಾಗ ಮ್ಯಾಪಿನ ಮೇಲೆ ಒಂದು ಸಾಲು ಇಳಿಯಿತು: "ನಾಳೆ ನಿಮ್ಮ ಎಚ್‌ಐವಿ ಪರೀಕ್ಷೆ, ಮರೆಯಬೇಡಿ." ಮೂರೋ ನಾಲ್ಕೋ ಸೆಕೆಂಡು. ಹುಡುಗ ಓದಿದ, ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದ. ಇಬ್ಬರೂ ಒಂದು ಮಾತೂ ಆಡಲಿಲ್ಲ. ಮುಂದೆ ಚಹಾಕ್ಕೆ ಗಾಡಿ ನಿಲ್ಲಿಸಿದಾಗ ಚಾಲಕರು ಮಾಡಿದ ಮೊದಲ ಕೆಲಸ, ಆ ಆ್ಯಪ್ ತೆಗೆದುಹಾಕಿದ್ದು. ಮೂರು ತಿಂಗಳ ಪರೀಕ್ಷೆಯ ದಿನಾಂಕವೂ ಅದರೊಂದಿಗೇ ಹೋಯಿತು.

ಅವರು ಅಜಾಗರೂಕರಲ್ಲ, ಗಮನಿಸಿ. ಲಾಕ್ ಆಗಿರುವ ಪರದೆಯಲ್ಲಿ ಸಂದೇಶ ಕಾಣದ ಹಾಗೆ ಮಾಡಿಕೊಂಡೇ ಇದ್ದರು. ಆದರೆ ಆ ವ್ಯವಸ್ಥೆ ಫೋನು ಲಾಕ್ ಆಗಿರುವಷ್ಟು ಹೊತ್ತು ಮಾತ್ರ. ಮ್ಯಾಪು ತೆರೆದಿದ್ದರೆ ಫೋನೂ ತೆರೆದೇ ಇರುತ್ತದೆ! ಹಾಗಾಗಿ ಎರಡು ಕಡೆ ಮುಚ್ಚಬೇಕು. ಮೊದಲು ಸೆಟ್ಟಿಂಗ್ಸ್‌ನಲ್ಲಿ ಲಾಕ್ ಸ್ಕ್ರೀನ್‌ನ ನೋಟಿಫಿಕೇಶನ್. ಆಮೇಲೆ ಆ್ಯಪಿನ ಚಿತ್ರವನ್ನು ಬೆರಳಿಂದ ಒತ್ತಿ ಹಿಡಿಯಿರಿ, ಆ್ಯಪ್ ಇನ್ಫೋ ಬರುತ್ತದೆ, ಅದರೊಳಗೆ ನೋಟಿಫಿಕೇಶನ್ ಪೂರ್ತಿ ಆಫ್ ಮಾಡಿ. ಅಲ್ಲೇ ಪರ್ಮಿಶನ್ ಎಂದೂ ಇರುತ್ತದೆ. ಕಾಂಟ್ಯಾಕ್ಟ್ಸ್ ಕೊಡಬೇಡಿ. ಲೊಕೇಶನ್ ಆ್ಯಪ್ ಬಳಸುವಾಗ ಮಾತ್ರ.

ಹಾಗಾದರೆ ದಿನ ನೆನಪಿಸುವವರು ಯಾರು? ಫೋನಿನ ಕ್ಯಾಲೆಂಡರ್. ಪರೀಕ್ಷೆಯ ದಿನಕ್ಕೆ "ಆಯಿಲ್ ಚೇಂಜ್" ಎಂದು ಬರೆದಿಡಿ. ಲಾರಿಯವರ ಫೋನಿನಲ್ಲಿ ಅದನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಆ್ಯಪ್ ತಯಾರಿಸುವವರೂ ಇದನ್ನು ಕೇಳಿಸಿಕೊಳ್ಳಲಿ. ನೆನಪಿಸುವ ಸಾಲಿನಲ್ಲಿ ರೋಗದ ಹೆಸರು ಯಾಕೆ ಬೇಕು? "ನಾಳೆಯ ಕೆಲಸ ನೆನಪಿರಲಿ" ಎಂದರೆ ಸಾಲದೇ? ಒಪ್ಪಿಗೆಯಿಲ್ಲದೆ ಒಬ್ಬರ ಎಚ್‌ಐವಿ ವಿಷಯ ಹೊರಗೆ ಹೇಳಬಾರದು, ದಾಖಲೆ ಇಟ್ಟುಕೊಂಡ ಸಂಸ್ಥೆ ಅದನ್ನು ಕಾಪಾಡಬೇಕು ಎಂದು 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಹೇಳುತ್ತದೆ. 2018ರ ಸೆಪ್ಟೆಂಬರಿನಿಂದ ಅದು ಜಾರಿಯಲ್ಲಿದೆ. ಆದರೆ ಕ್ಲೀನರ್ ಹುಡುಗ ಓದಿಬಿಟ್ಟ ಸಾಲನ್ನು ಯಾವ ಕಾಯ್ದೆಯೂ ಅಳಿಸಲಾರದು.

ಕಾರ್ಯಕರ್ತರೇ, ದಯವಿಟ್ಟು ವಾಟ್ಸ್ಆ್ಯಪ್ ಗ್ರೂಪ್ ಮಾಡಬೇಡಿ. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ, ಯಾರಿಗೆಲ್ಲ ಹೋಯಿತೆಂದು ಒಬ್ಬರಿಗೊಬ್ಬರಿಗೆ ತಿಳಿಯುವುದಿಲ್ಲ. ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ಸಂದೇಶ ತಲುಪುವುದಿಲ್ಲ. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ ಕಡೆ ಸಂದೇಶವೇ ಬೇಡ, ಹೋಗಿ ಮಾತಾಡಿ.

ನಮ್ಮ ಗಡಿಯ ತೊಡಕು ಬೇರೆ ಇದೆ. ಕರ್ನಾಟಕದಲ್ಲಿ ಐಸಿಟಿಸಿ ಎಂದು ಕರೆಯುವ ಪರೀಕ್ಷಾ ಕೇಂದ್ರಕ್ಕೆ ಕೇರಳದಲ್ಲಿ "ಜ್ಯೋತಿಸ್" ಎಂದು ಹೆಸರು. ಔಷಧ ಕೊಡುವ ಎಆರ್‌ಟಿ ಕೇಂದ್ರ "ಉಷಸ್". ಮ್ಯಾಪಿನಲ್ಲಿ ಒಂದು ಹೆಸರು ಹಾಕಿ ಸಿಗದಿದ್ದರೆ ಇನ್ನೊಂದು ಹಾಕಿ ನೋಡಿ. ಪರೀಕ್ಷೆಗೆ ದುಡ್ಡು ಕೊಡಬೇಕಾಗಿಲ್ಲ.

ಹೊತ್ತು ಮುಗಿಯುತ್ತಾ ಬಂತು, ಇದನ್ನು ಬೇಗ ಹೇಳಿಬಿಡುತ್ತೇನೆ. ಕಾಂಡೋಮ್ ಹರಿದರೆ ಆ್ಯಪಿನಲ್ಲಿ ಪ್ರಶ್ನೆ ಟೈಪ್ ಮಾಡುತ್ತಾ ಕೂರಬೇಡಿ. ಸೋಂಕು ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 28 ದಿನ ಬಿಡದೆ ನುಂಗಬೇಕು. ನೇರವಾಗಿ ಸರಕಾರಿ ಆಸ್ಪತ್ರೆಗೆ ಹೋಗಿ. ಕಳೆದ ವಾರದ ಸೋಂಕು ಇವತ್ತಿನ ಪರೀಕ್ಷೆಯಲ್ಲಿ ಕಾಣಿಸದಿರಬಹುದು, ಅದಕ್ಕೇ ಮೂರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷೆ. ಸಂಶಯ ಇದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಶುಲ್ಕ ಇಲ್ಲ. ಮಾತು ಮುಗಿದ ಮೇಲೆ ಕರೆಪಟ್ಟಿಯಿಂದ ಆ ನಂಬರನ್ನು ಅಳಿಸಿಬಿಡಿ. ನಮಸ್ಕಾರ.