ಅಗಲ ಪರದೆ, ತಪ್ಪು ಅಂಕಿ: ಅಲ್ಟ್ರಾವೈಡ್ ಮಾನಿಟರ್‌ನ ರೆಸಲ್ಯೂಷನ್ ಸರಿಪಡಿಸುವುದು

ಎಲ್ಲರಿಗೂ ನಮಸ್ಕಾರ.

ಡಿಟಿಪಿ ಮಾಡುವವರು, ಮನೆಯ ನಕ್ಷೆ ಬರೆಯುವ ಎಂಜಿನಿಯರುಗಳು, ತೊಗರಿ ಅಡತಿಯ ಲೆಕ್ಕ ನೋಡುವವರು, ಇವರೆಲ್ಲರ ಕಂಪ್ಯೂಟರ್ ರಿಪೇರಿ ಮಾಡುವವರು ಇಲ್ಲಿ ಸೇರಿದ್ದೀರಿ. ನಮ್ಮ ಕಲಬುರಗಿಯ ಕಚೇರಿಗಳಿಗೂ ಈಗ 29 ಇಂಚು, 34 ಇಂಚಿನ ಅಲ್ಟ್ರಾವೈಡ್ ಮಾನಿಟರ್ ಬರುತ್ತಿವೆ. ತಂದು ಜೋಡಿಸಿದ ಮೇಲೆ ಚಿತ್ರ ಅಡ್ಡಕ್ಕೆ ಎಳೆದಂತೆ ಕಾಣುತ್ತದೆ, ಅಕ್ಷರ ಮಸುಕಾಗಿರುತ್ತದೆ. "ದೊಡ್ಡ ಪರದೆ ಅಂದ್ರ ಹಂಗೇ ಇರ್ತದ" ಎಂದುಕೊಂಡು ದಿನಕ್ಕೆ ಎಂಟು ತಾಸು ಅದರ ಮುಂದೆ ಕೂತು ಕಣ್ಣು ನೋಯಿಸಿಕೊಳ್ಳುವವರಿದ್ದಾರೆ. ಹಾಗೆ ಇರಬೇಕಾಗಿಲ್ಲ. ರೆಸಲ್ಯೂಷನ್ ಅಂದರೆ ಪರದೆಯ ಅಗಲಕ್ಕೆ, ಎತ್ತರಕ್ಕೆ ಎಷ್ಟೆಷ್ಟು ಪಿಕ್ಸೆಲ್ (ಚಿತ್ರದ ಚುಕ್ಕಿ) ಎಂಬ ಅಂಕಿ. ಪರದೆ ತಪ್ಪು ರೆಸಲ್ಯೂಷನ್‌ನಲ್ಲಿ ನಿಂತಿದ್ದರೆ, ನಿಂತ ಆ ಅಂಕಿಯೇ ದೋಷ ಎಲ್ಲಿದೆ ಎಂದು ತೋರಿಸುತ್ತದೆ. ಅದನ್ನು ಓದಲು ಬಂದರೆ ಸುಮ್ಮನೆ ಕೇಬಲ್ ಬದಲಿಸಿ, ವಿಂಡೋಸ್ ಮರುಹಾಕಿ ದುಡ್ಡು ಕಳೆಯುವುದು ತಪ್ಪುತ್ತದೆ.

ಮೊದಲು ದೋಷ ಇದೆಯೋ ಇಲ್ಲವೋ ಖಚಿತಪಡಿಸಿಕೊಳ್ಳಿ. ಕನ್ನಡ ಅಕ್ಷರ ನೋಡಿ ತೀರ್ಮಾನಿಸಬೇಡಿ. ನಮ್ಮ ಲಿಪಿಯೇ ದುಂಡಗಿನದು, ಅಗಲಕ್ಕೆ ಹಿಗ್ಗಿದರೂ ಕಣ್ಣು ಒಪ್ಪಿಕೊಂಡುಬಿಡುತ್ತದೆ. ಪೇಂಟ್ ತೆರೆದು, ಶಿಫ್ಟ್ ಕೀಲಿ ಹಿಡಿದು ದೊಡ್ಡದೊಂದು ವೃತ್ತ ಎಳೆಯಿರಿ. ಪರದೆಯ ಮೇಲೆ ಸ್ಕೇಲ್ ಇಟ್ಟು ಅಗಲ, ಎತ್ತರ ಎರಡನ್ನೂ ಅಳೆಯಿರಿ. ಎರಡೂ ಒಂದೇ ಇರಬೇಕು. ಎತ್ತರ 15 ಸೆಂಟಿಮೀಟರ್, ಅಗಲ 20 ಬಂದರೆ, ಅಂದರೆ ಮೂರನೇ ಒಂದು ಪಾಲು ಹೆಚ್ಚಿದ್ದರೆ, 16:9ರ (ಅಗಲ 16 ಪಾಲು, ಎತ್ತರ 9 ಪಾಲು) ಚಿತ್ರವನ್ನು 21:9ರ ಪರದೆ ಪೂರ್ತಿ ತುಂಬಲು ಹಿಗ್ಗಿಸುತ್ತಿದೆ. ಒಂದು ಮಾತು: ಯೂಟ್ಯೂಬ್ ವಿಡಿಯೊ ಪೂರ್ಣಪರದೆಯಲ್ಲಿ ಎರಡೂ ಬದಿ ಕಪ್ಪು ಪಟ್ಟಿ ಬಿಟ್ಟರೆ ಅದು ದೋಷವಲ್ಲ. ಆ ವಿಡಿಯೊ 16:9ರದ್ದು. 3440 ಅಗಲದ ಪರದೆಯಲ್ಲಿ ಎರಡೂ ಕಡೆ 440 ಪಿಕ್ಸೆಲ್ ಖಾಲಿ ಉಳಿಯುತ್ತದೆ.

ಈಗ ಮೂರು ಕಡೆಯಿಂದ ಅಂಕಿ ತೆಗೆದುಕೊಳ್ಳಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅದರ ಕೆಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ಡೆಸ್ಕ್‌ಟಾಪ್‌ನ ರೆಸಲ್ಯೂಷನ್ ಒಂದು, ಆ್ಯಕ್ಟಿವ್ ಸಿಗ್ನಲ್‌ನ ರೆಸಲ್ಯೂಷನ್ ಒಂದು, ಎರಡು ಸಾಲು ಇರುತ್ತವೆ. ಮೂರನೆಯದು ಮಾನಿಟರ್‌ನ ಗುಂಡಿ ಒತ್ತಿದಾಗ ಬರುವ ಮೆನುವಿನ ಇನ್‌ಫರ್ಮೇಶನ್ ಪುಟದಲ್ಲಿದೆ. ಮೂರೂ ಒಂದೇ ಆಗಿರಬೇಕು, ಮತ್ತು ಅದು ಪರದೆಯ ಸ್ವಂತ ರೆಸಲ್ಯೂಷನ್ ಆಗಿರಬೇಕು: 29 ಇಂಚಿಗೆ ಸಾಮಾನ್ಯವಾಗಿ 2560×1080, ಒಳ್ಳೆಯ 34 ಇಂಚಿಗೆ 3440×1440, 49 ಇಂಚಿನ 32:9 ಪರದೆಗೆ 5120×1440. ಮೊದಲೆರಡು ಬೇರೆಯಾದರೆ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ತಂತ್ರಾಂಶ) ತಾನೇ ಹಿಗ್ಗಿಸುತ್ತಿದೆ. ಎರಡೂ ಸರಿ ಇದ್ದು ವೃತ್ತ ಮಾತ್ರ ಮೊಟ್ಟೆಯಾದರೆ ಮಾನಿಟರ್ ಮೆನುವಿನ ಆ್ಯಸ್ಪೆಕ್ಟ್ ರೇಶಿಯೊ ನೋಡಿ.

ಇನ್ನು ಅಂಕಿಗಳನ್ನು ಓದೋಣ.

640×480 ಅಥವಾ 1024×768ಕ್ಕೆ ನಿಂತಿದೆಯೆ? ಎರಡೇ ಸಾಧ್ಯತೆ. ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ನೋಡಿ. 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಇಂಟೆಲ್, ಎಎಂಡಿ ಅಥವಾ ಎನ್ವಿಡಿಯಾ ಡ್ರೈವರ್ ಇಲ್ಲ, ಹಾಕಿದರೆ ಮುಗಿಯಿತು. ಸರಿಯಾದ ಹೆಸರೇ ಇದ್ದರೆ ಮಾನಿಟರ್ ತನ್ನ ಪರಿಚಯ ಹೇಳಿಕೊಳ್ಳಲಾಗುತ್ತಿಲ್ಲ. ಪ್ರತಿ ಮಾನಿಟರ್ ಒಳಗೂ ಇಡಿಐಡಿ ಎಂಬ ಪುಟ್ಟ ದಾಖಲೆ ಇರುತ್ತದೆ, 128 ಬೈಟ್‌ನ ತುಂಡುಗಳಲ್ಲಿ. ತಾನು ಯಾವ ಕಂಪನಿ, ಯಾವ ರೆಸಲ್ಯೂಷನ್, ಎಷ್ಟು ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ) ಎಂಬುದು ಅದರಲ್ಲಿದೆ. ಎಚ್‌ಡಿಎಂಐ ಕೇಬಲ್‌ನಲ್ಲಿ ಇದು ಚಿತ್ರದ ತಂತಿಗಳಲ್ಲಿ ಬರುವುದಿಲ್ಲ. 15 ಮತ್ತು 16ನೇ ಪಿನ್‌ಗಳಲ್ಲಿ ಬರುತ್ತದೆ. ಆ ಎರಡು ಪಿನ್ ಸಡಿಲಾದರೆ ಚಿತ್ರ ಬರುತ್ತದೆ, ಪರಿಚಯ ಬರುವುದಿಲ್ಲ. ಆಗ ಕಂಪ್ಯೂಟರ್ ಯಾವ ಪರದೆಯಾದರೂ ತೋರಿಸಬಲ್ಲ ಸಣ್ಣ ಅಂಕಿ ಹಿಡಿಯುತ್ತದೆ. ಶಹಾಬಾದ್ ಕಡೆ ಕಲ್ಲು ಪಾಲಿಶ್ ಮಾಡುವ ಘಟಕಗಳ ಕಚೇರಿಯಲ್ಲಿ ಕಂಪ್ಯೂಟರ್ ಇಟ್ಟವರು ಪೋರ್ಟಿನ ಬಾಯಿಗೆ ಕಲ್ಲಿನ ಪುಡಿ ಕೂತಿದೆಯೇ ಎಂದು ಮೊದಲು ನೋಡಬೇಕು. ವಿದ್ಯುತ್ ಪೂರ್ತಿ ತೆಗೆದು ಒಣ ಬ್ರಷ್ಷಿನಿಂದ ಸ್ವಚ್ಛ ಮಾಡಿ, ಕೇಬಲ್ ಗಟ್ಟಿಯಾಗಿ ಕೂಡಿಸಿ.

1920×1080ಕ್ಕೆ ನಿಂತರೆ ನಡುವೆ ಯಾರೋ ಬೇರೆಯವರು ಪರಿಚಯ ಹೇಳುತ್ತಿದ್ದಾರೆ. ಒಂದೇ ಮಾನಿಟರ್‌ಗೆ ಎರಡು ಕಂಪ್ಯೂಟರ್ ಸೇರಿಸುವ ಕೆವಿಎಂ ಸ್ವಿಚ್, ಎಚ್‌ಡಿಎಂಐ ಸ್ಪ್ಲಿಟರ್, ಅಗ್ಗದ ಪರಿವರ್ತಕ: ಇವು ಹಲವು ಸಲ ತಮ್ಮದೇ ಇಡಿಐಡಿ ಕೊಡುತ್ತವೆ, ಅಗ್ಗದವುಗಳಲ್ಲಿ ಎಷ್ಟೋ ಸಲ 1080ಕ್ಕಿಂತ ಮೇಲೆ ಏನೂ ಇರುವುದಿಲ್ಲ. ನಡುವಿನದೆಲ್ಲ ತೆಗೆದು ನೇರ ಕೇಬಲ್ ಹಾಕಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

1920×1200 ಮೇಲಿನ ಮಿತಿಯಾಗಿ ಬಂದರೆ ಹಳೆಯ ಮದರ್‌ಬೋರ್ಡ್. ಸೆಕೆಂಡ್‌ಹ್ಯಾಂಡ್ ಸಿಪಿಯು ಪೆಟ್ಟಿಗೆ ಕೊಂಡವರು ಕಿವಿಗೊಟ್ಟು ಕೇಳಿ. ಎಚ್61 ಚಿಪ್‌ಸೆಟ್‌ನ ಬೋರ್ಡು, ಎರಡನೇ ತಲೆಮಾರಿನ ಇಂಟೆಲ್ ಐ3 ಅಥವಾ ಐ5 ಪ್ರೊಸೆಸರ್ ಇದ್ದರೆ ಅದರ ಎಚ್‌ಡಿಎಂಐ ಅಧಿಕೃತವಾಗಿ 1920×1200ರ ತನಕವೇ. ಎಷ್ಟು ದುಬಾರಿ ಕೇಬಲ್ ತಂದರೂ ಬದಲಾಗದು. ಅದೇ ಕಾಲದ ಬ್ರ್ಯಾಂಡೆಡ್ ಕಚೇರಿ ಕಂಪ್ಯೂಟರ್‌ಗಳ ಹಿಂದೆ ಹಲವು ಸಲ ಡಿಸ್‌ಪ್ಲೇಪೋರ್ಟ್ (ಎಚ್‌ಡಿಎಂಐಯಂತೆ ಚಿತ್ರ ಕಳಿಸುವ ಇನ್ನೊಂದು ಬಗೆಯ ಪೋರ್ಟ್) ಇರುತ್ತದೆ, ಅದು 2560×1600ರ ತನಕ ಕೊಡುತ್ತದೆ. 29 ಇಂಚಿನ 2560×1080 ಪರದೆಗೆ ಅಷ್ಟು ಸಾಕು. ಹಿಂದೆ ತಿರುಗಿಸಿ ನೋಡದೆ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಡಿ. ಕಾರ್ಡ್ ಈಗಾಗಲೇ ಇದ್ದರೆ, ಕೇಬಲ್ ಆ ಕಾರ್ಡಿನ ಪೋರ್ಟಿಗೇ ಹೋಗಿದೆಯೇ, ಇಲ್ಲ ಮದರ್‌ಬೋರ್ಡಿನ ಪೋರ್ಟಿಗೆ ಸಿಕ್ಕಿದೆಯೇ ನೋಡಿ.

ಅತಿ ಹೆಚ್ಚು ತೊಂದರೆ ಕೊಡುವುದು ಇನ್ನೊಂದು: 3440×1440 ಬರುತ್ತದೆ, ಆದರೆ 30 ಅಥವಾ 50 ಹರ್ಟ್ಸ್‌ನಲ್ಲಿ ಮಾತ್ರ. ಮೌಸ್ ಎಳೆದರೆ ತಡವರಿಸುತ್ತದೆ. 60 ಬೇಕೆಂದರೆ ರೆಸಲ್ಯೂಷನ್ ಇಳಿಸಬೇಕು. ಇದಕ್ಕೆ ಲೆಕ್ಕ ಬೇಕು, ಕಷ್ಟದ ಲೆಕ್ಕವೇನಲ್ಲ.

3440 ಗುಣಿಸು 1440 ಅಂದರೆ ಸುಮಾರು 49.5 ಲಕ್ಷ ಪಿಕ್ಸೆಲ್. ಸಾಮಾನ್ಯ 1920×1080 ಪರದೆಯಲ್ಲಿ 20.7 ಲಕ್ಷವೇ ಇರುವುದು. ಚಿತ್ರದ ಸುತ್ತ ಕಾಣದ ಒಂದು ಅಂಚೂ ಸಿಗ್ನಲ್‌ನಲ್ಲಿ ಸಾಗುತ್ತದೆ; ಅದನ್ನು ಕನಿಷ್ಠಕ್ಕೆ ಇಳಿಸಿದರೂ ಒಟ್ಟು 3600×1481 ಆಗುತ್ತದೆ. ಸೆಕೆಂಡಿಗೆ 60 ಸಲ ಕಳಿಸಬೇಕೆಂದರೆ ಸುಮಾರು 32 ಕೋಟಿ ಪಿಕ್ಸೆಲ್, ಅಂದರೆ 320 ಮೆಗಾಹರ್ಟ್ಸ್ ಪಿಕ್ಸೆಲ್ ಕ್ಲಾಕ್. ಎಚ್‌ಡಿಎಂಐ 1.4ರ ಗರಿಷ್ಠ ಮಿತಿ 340. ಕಾಗದದ ಮೇಲೆ ಹಿಡಿಸುತ್ತದೆ. ಆದರೆ 1.4 ಎಂದು ಬರೆದ ಅನೇಕ ಪೋರ್ಟುಗಳನ್ನು 4ಕೆ (3840×2160) 30 ಹರ್ಟ್ಸ್‌ಗೆ ಬೇಕಾದ 297 ಮೆಗಾಹರ್ಟ್ಸ್ ತನಕ ಮಾತ್ರ ಕಟ್ಟಿರುತ್ತಾರೆ. 320 ಅಲ್ಲಿ ಹೋಗದು. 50 ಹರ್ಟ್ಸ್‌ಗೆ ಸುಮಾರು 265 ಸಾಕು, ಅದು ಹೋಗುತ್ತದೆ. ಆ 50 ಬಂದದ್ದು ಇಲ್ಲಿಂದ. ಯುಎಚ್‌ಡಿ 630 ಗ್ರಾಫಿಕ್ಸ್ ಇರುವ ಇಂಟೆಲ್ ಡೆಸ್ಕ್‌ಟಾಪ್‌ಗಳು, ಅಂದರೆ 8, 9, 10ನೇ ತಲೆಮಾರಿನವು, ಎಚ್‌ಡಿಎಂಐ 1.4ರವೇ. ಅವುಗಳಲ್ಲಿ ಡಿಸ್‌ಪ್ಲೇಪೋರ್ಟ್ ಬಳಸಿ, 60 ಆರಾಮಾಗಿ ಬರುತ್ತದೆ. ಡೆಸ್ಕ್‌ಟಾಪ್‌ಗಳಲ್ಲಿ 11ನೇ ತಲೆಮಾರಿನಿಂದ ಎಚ್‌ಡಿಎಂಐ 2.0 ಇದೆ, ಮಿತಿ 600 ಮೆಗಾಹರ್ಟ್ಸ್. 100 ಹರ್ಟ್ಸ್‌ಗೆ ಬೇಕಾದ 543.5 ಕೂಡ ಅದರಲ್ಲಿ ಹಿಡಿಸುತ್ತದೆ. 144 ಹರ್ಟ್ಸ್ ಬೇಕಾದವರು ಡಿಸ್‌ಪ್ಲೇಪೋರ್ಟ್ 1.4 ನೋಡಿ, 1.2ರಲ್ಲಿ ಬಾರದು.

ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಪುಟ್ಟ ಅಡಾಪ್ಟರ್ ಈ ಲೆಕ್ಕವನ್ನು ಮತ್ತೆ ಕೆಡಿಸುತ್ತದೆ. ಪ್ಯಾಸಿವ್ (ತಾನೇ ಸಿಗ್ನಲ್ ಪರಿವರ್ತಿಸದ) ಅಡಾಪ್ಟರ್‌ಗಳಲ್ಲಿ ಹಳೆಯ ಬಗೆಯ ಮಿತಿ 165 ಮೆಗಾಹರ್ಟ್ಸ್, ಹೊಸ ಬಗೆಯದು 300. ಎರಡರಲ್ಲೂ 320 ತೂರದು. ಆ್ಯಕ್ಟಿವ್ (ತಾನೇ ಪರಿವರ್ತಿಸುವ) ಎಂದು, ಜೊತೆಗೆ 4ಕೆ 60 ಹರ್ಟ್ಸ್ ಎಂದು ಸ್ಪಷ್ಟವಾಗಿ ಬರೆದದ್ದನ್ನೇ ಕೇಳಿ. ಇವುಗಳಿಗೆ ದಿಕ್ಕೂ ಇದೆ: ಡಿಸ್‌ಪ್ಲೇಪೋರ್ಟ್ ಕಂಪ್ಯೂಟರ್ ಕಡೆ, ಎಚ್‌ಡಿಎಂಐ ಮಾನಿಟರ್ ಕಡೆ. ತಿರುಗಿಸಿ ಹಾಕಿದರೆ ಚಿತ್ರವೇ ಬರುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಅಡಾಪ್ಟರ್‌ನ ಸಹವಾಸವೇ ಬೇಡ. ಎರಡೂ ಕಡೆ ಡಿಸ್‌ಪ್ಲೇಪೋರ್ಟ್ ಇರುವಾಗ ಅದೇ ಕೇಬಲ್, ಎರಡು ಮೀಟರ್ ಒಳಗಿನದು.

ಉದ್ದದ ಬಗ್ಗೆ ಹೇಳಲೇಬೇಕು. ಪೆಟ್ಟಿಗೆ ಒಂದು ಮೂಲೆ, ಪರದೆ ಇನ್ನೊಂದು ಮೂಲೆ ಇಟ್ಟು ಐದು ಮೀಟರ್ ಕೇಬಲ್ ಎಳೆಯುತ್ತಾರೆ. ಡಿಸ್‌ಪ್ಲೇಪೋರ್ಟ್ ಜೋಡಿಸಿದ ತಕ್ಷಣ ಎರಡೂ ತುದಿಗಳು ಯಾವ ವೇಗದಲ್ಲಿ ದತ್ತಾಂಶ ತಪ್ಪಿಲ್ಲದೆ ಸಾಗುತ್ತದೆ ಎಂದು ಪರೀಕ್ಷಿಸಿಕೊಳ್ಳುತ್ತವೆ. ಕೇಬಲ್ ಕೆಟ್ಟದಾದರೆ ಒಂದು ಮೆಟ್ಟಿಲು ಕೆಳಗಿಳಿದು ಒಪ್ಪಿಕೊಳ್ಳುತ್ತವೆ, ಯಾರಿಗೂ ತಿಳಿಸದೆ. 100 ಹರ್ಟ್ಸ್ ಪಟ್ಟಿಯಿಂದ ಮಾಯವಾಗಿ 60 ಮಾತ್ರ ಉಳಿಯುತ್ತದೆ; ಇನ್ನೂ ಇಳಿದರೆ 3440 ಹೋಗಿ 2560×1080 ಉಳಿಯುತ್ತದೆ. ಎಚ್‌ಡಿಎಂಐನಲ್ಲಾದರೆ ಪರದೆಯ ಮೇಲೆ ಬಿಳಿ ಚುಕ್ಕಿ ಮಿನುಗುತ್ತವೆ, ಸೆಕೆಂಡು ಎರಡು ಸೆಕೆಂಡು ಕಪ್ಪಾಗುತ್ತದೆ. ಎಚ್‌ಡಿಎಂಐ 2.0ಕ್ಕೆ 'ಪ್ರೀಮಿಯಂ ಹೈ ಸ್ಪೀಡ್' ಲೇಬಲ್ ಇರುವ ಕೇಬಲ್ ಕೇಳಿ. ಅಗ್ಗದ ಡಿಸ್‌ಪ್ಲೇಪೋರ್ಟ್ ಕೇಬಲ್‌ನಲ್ಲಿ ಇನ್ನೊಂದು ಅಪಾಯವಿದೆ: 20ನೇ ಪಿನ್‌ಗೆ ತಂತಿ ಜೋಡಿಸಿರುತ್ತಾರೆ. ಪ್ರಮಾಣಿತ ಕೇಬಲ್‌ನಲ್ಲಿ ಅದನ್ನು ಜೋಡಿಸಬಾರದು. ಜೋಡಿಸಿದರೆ ಮಾನಿಟರ್‌ನ 3.3 ವೋಲ್ಟ್ ಕಂಪ್ಯೂಟರ್‌ಗೆ ಹಿಂದಿನಿಂದ ನುಗ್ಗಿ ಅದು ಆನ್ ಆಗಲು ಹಟ ಮಾಡುತ್ತದೆ.

ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿ-ಸಿ ಒಂದೇ ತಂತಿಯಲ್ಲಿ ಚಿತ್ರವನ್ನೂ ಕೀಬೋರ್ಡನ್ನೂ ನಡೆಸುವವರಿಗೆ: ಆ ತಂತಿಯೊಳಗೆ ನಾಲ್ಕು ದಾರಿಗಳಿವೆ. ಯುಎಸ್‌ಬಿ 3 ವೇಗ ಬೇಕೆಂದರೆ ಎರಡು ಅದಕ್ಕೆ ಹೋಗಿ ಚಿತ್ರಕ್ಕೆ ಎರಡೇ ಉಳಿಯುತ್ತವೆ, ಸೆಕೆಂಡಿಗೆ 8.64 ಗಿಗಾಬಿಟ್. 3440×1440, 60 ಹರ್ಟ್ಸ್, 8 ಬಿಟ್ ಬಣ್ಣಕ್ಕೆ ಬೇಕಾದದ್ದು 7.67, ಹಿಡಿಸುತ್ತದೆ. ಎಚ್‌ಡಿಆರ್ ಅಥವಾ 10 ಬಿಟ್ ಆನ್ ಮಾಡಿದ ಕೂಡಲೇ 9.59 ಬೇಕು, ಹಿಡಿಸದು. ಬಣ್ಣ 8 ಬಿಟ್‌ಗೆ ಇಳಿಸಿ, ಇಲ್ಲವೇ ಮಾನಿಟರ್ ಮೆನುವಿನಲ್ಲಿ ಯುಎಸ್‌ಬಿ ಆಯ್ಕೆಯನ್ನು 2.0 ಮಾಡಿ, ಆಗ ನಾಲ್ಕೂ ದಾರಿ ಚಿತ್ರಕ್ಕೆ ಸಿಗುತ್ತವೆ.

1720×1440 ಎಂಬ ವಿಚಿತ್ರ ಅಂಕಿ ಕಂಡರೆ ಪಿಕ್ಚರ್-ಬೈ-ಪಿಕ್ಚರ್ ಆನ್ ಆಗಿದೆ, ಪರದೆ ಎರಡು ಹೋಳಾಗಿದೆ. ಮೆನುವಿನಲ್ಲಿ ಆಫ್ ಮಾಡಿ. ಅದೇ ಮೆನುವಿನಲ್ಲಿ ಡಿಸ್‌ಪ್ಲೇಪೋರ್ಟ್ 1.1 ಅಥವಾ 1.2, ಎಚ್‌ಡಿಎಂಐ 1.4 ಅಥವಾ 2.0 ಎಂಬ ಆಯ್ಕೆ ಕೆಲವು ಮಾನಿಟರ್‌ಗಳಲ್ಲಿ ಇರುತ್ತದೆ. ಹಳೆಯದಕ್ಕೆ ಇಟ್ಟಿದ್ದರೆ ಹೊಸದಕ್ಕೆ ತನ್ನಿ.

ಅಂಕಿ ಸರಿ ಇದ್ದೂ ಅಕ್ಷರ ಮಸುಕು ಎನ್ನುವವರದು ಬೇರೆ ಕಥೆ, ಮತ್ತು ಕನ್ನಡ ಡಿಟಿಪಿಯವರಿಗೆ ಇದೇ ಮುಖ್ಯ. 'ರಾಷ್ಟ್ರ', 'ಸ್ವಾತಂತ್ರ್ಯ' ಎಂಬಲ್ಲಿನ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು. ಪಿಕ್ಸೆಲ್ ಕಲಸಿದರೆ ಮೊದಲು ಹೋಗುವುದು ಅವೇ, ಕರಡು ತಿದ್ದುವಾಗ ತಪ್ಪು ಕಣ್ಣು ತಪ್ಪಿಸಿಕೊಳ್ಳುತ್ತದೆ. 34 ಇಂಚಿನ 3440×1440 ಪರದೆಯಲ್ಲಿ ಇಂಚಿಗೆ ಸುಮಾರು 110 ಪಿಕ್ಸೆಲ್, 29 ಇಂಚಿನ 2560×1080ರಲ್ಲಿ 96. ಆದರೆ 34 ಇಂಚಿನಲ್ಲೂ 2560×1080 ಮಾರುತ್ತಾರೆ, ಅಲ್ಲಿ 82 ಮಾತ್ರ. ಬೆಲೆ ಕಡಿಮೆ ಎಂದು ಕನ್ನಡ ಪುಟವಿನ್ಯಾಸಕ್ಕೆ ಅದನ್ನು ಕೊಳ್ಳಬೇಡಿ. 3440ರದ್ದರಲ್ಲಿ ಎ4 ಹಾಳೆ ನಿಜ ಗಾತ್ರದಲ್ಲಿ ಮೂರು ಪಕ್ಕಪಕ್ಕ ಕೂಡುತ್ತವೆ.

ಅಕ್ಷರ ಸಣ್ಣದಾಯಿತೆಂದು ರೆಸಲ್ಯೂಷನ್ ಇಳಿಸುವುದು ದೊಡ್ಡ ತಪ್ಪು. ರೆಸಲ್ಯೂಷನ್ ಹಾಗೇ ಬಿಟ್ಟು ಸ್ಕೇಲ್ 125 ಪ್ರತಿಶತ ಮಾಡಿ. ಆಗ ಪೇಜ್‌ಮೇಕರ್‌ನಂಥ ಹಳೆಯ ತಂತ್ರಾಂಶ ಮಾತ್ರ ಮಸುಕಾಗುತ್ತದೆ, ಏಕೆಂದರೆ ಅದಕ್ಕೆ ಸ್ಕೇಲಿಂಗ್ ತಿಳಿಯದು, ವಿಂಡೋಸ್ ಅದರ ಚಿತ್ರವನ್ನೇ ಹಿಗ್ಗಿಸುತ್ತದೆ. ಅದರ ಐಕಾನ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, 'ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್'. ಓವರ್‌ರೈಡ್ ಟಿಕ್ ಮಾಡಿ 'ಅಪ್ಲಿಕೇಶನ್' ಆರಿಸಿ. ಮೆನು ಸಣ್ಣದಾಗುತ್ತದೆ, ಪುಟ ಚೊಕ್ಕವಾಗುತ್ತದೆ. ನೀಲಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರದ ಅಂಚು ಕರಗಿದಂತಿದ್ದರೆ ಸಿಗ್ನಲ್ 4:2:0 ಅಥವಾ 4:2:2ರಲ್ಲಿದೆ, ಅಂದರೆ ಬಣ್ಣದ ವಿವರ ಕಡಿಮೆ ಮಾಡಿ ಕಳಿಸುತ್ತಿದೆ. ಡ್ರೈವರ್ ಪ್ಯಾನೆಲ್‌ನಲ್ಲಿ ಆರ್‌ಜಿಬಿ, ಫುಲ್ ರೇಂಜ್ ಮಾಡಿ.

ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವಾಗ ಇನ್ನೊಂದು ತೊಂದರೆ. ಪೆಟ್ಟಿಗೆ ಯುಪಿಎಸ್ ಮೇಲೆ, ಮಾನಿಟರ್ ನೇರ ಗೋಡೆಯ ಸಾಕೆಟ್‌ಗೆ. ಮಾನಿಟರ್ ಆರಿದರೆ ಡಿಸ್‌ಪ್ಲೇಪೋರ್ಟ್‌ನಲ್ಲಿ ಅದು ಕಳಚಿದಂತೆಯೇ ಲೆಕ್ಕ. ವಾಪಸು ಬಂದಾಗ ಕಿಟಕಿಗಳೆಲ್ಲ ಚದುರಿರುತ್ತವೆ, ರೆಸಲ್ಯೂಷನ್ ಇಳಿದಿರುತ್ತದೆ. ಹಿಂದಿನ ಲೇಬಲ್‌ನಲ್ಲಿ ವಾಟ್ ನೋಡಿ ಎರಡನ್ನೂ ಯುಪಿಎಸ್‌ಗೆ ಹಾಕಿ. ಈಗಾಗಲೇ ಇಳಿದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೀಲಿ ಒಟ್ಟಿಗೆ ಒತ್ತಿ, ಡ್ರೈವರ್ ಮರುಪ್ರಾರಂಭವಾಗುತ್ತದೆ. ಆಗಲಿಲ್ಲವೆಂದರೆ ಮಾನಿಟರ್‌ನ ವಿದ್ಯುತ್ ಪ್ಲಗ್ಗನ್ನೇ ಎರಡು ನಿಮಿಷ ಕಿತ್ತಿಡಿ.

ಎಲ್ಲ ಪೋರ್ಟು, ಕೇಬಲ್ ಸರಿ ಇದ್ದೂ ಅಂಕಿ ಪಟ್ಟಿಯಲ್ಲೇ ಇಲ್ಲದಿದ್ದರೆ ಮಾತ್ರ ಕಸ್ಟಮ್ ರೆಸಲ್ಯೂಷನ್, ಅಂದರೆ ಅಂಕಿಯನ್ನು ನಾವೇ ಬರೆದು ಸೇರಿಸುವುದು. ಲಿನಕ್ಸ್‌ನವರು ಸಿಗ್ನಲ್‌ನ ಲೆಕ್ಕ ಹಾಕಿಕೊಡುವ ಸಿವಿಟಿ ಆಜ್ಞೆಗೆ ರೆಡ್ಯೂಸ್ಡ್ ಬ್ಲಾಂಕಿಂಗ್ (ಮೊದಲು ಹೇಳಿದ ಕಾಣದ ಅಂಚನ್ನು ಇಳಿಸುವ) ಆಯ್ಕೆ ಸೇರಿಸುವುದನ್ನು ಮರೆಯಬೇಡಿ: 2560×1080ಕ್ಕೆ ಅದಿಲ್ಲದೆ 230 ಮೆಗಾಹರ್ಟ್ಸ್ ಬೇಕು, ಸೇರಿಸಿದರೆ 181.25. ಎಷ್ಟೋ ಹಳೆಯ ಪೋರ್ಟು ಈ ವ್ಯತ್ಯಾಸದಿಂದಲೇ ಬದುಕುತ್ತದೆ. ಎರಡು ಕಂಪ್ಯೂಟರ್, ಎರಡು ಕೇಬಲ್‌ನಲ್ಲೂ ಅದೇ ತಪ್ಪು ಅಂಕಿ ಬಂದರೆ ಮಾನಿಟರ್‌ನ ಇಡಿಐಡಿಯೇ ಕೆಟ್ಟಿದೆ. ವಾರಂಟಿ ಇದ್ದರೆ ಕಸ್ಟಮ್ ಮೋಡ್ ಹಾಕಿ ಮುಚ್ಚಿಡಬೇಡಿ. ಮೊದಲು ಹೇಳಿದ ಮೂರೂ ಅಂಕಿಗಳ ಫೋಟೊ ತೆಗೆದು ಸರ್ವಿಸ್‌ನವರಿಗೆ ಕೊಡಿ. ಬೋರ್ಡು ಬದಲಾಗಿ ಬಂದ ಮೇಲೆ ಹಳೆಯ ಕಸ್ಟಮ್ ಮೋಡ್ ಏನಾದರೂ ಉಳಿದಿದ್ದರೆ ಅಳಿಸಿ, ಅಡಾಪ್ಟರ್ ಪ್ರಾಪರ್ಟೀಸ್‌ನ 'ಲಿಸ್ಟ್ ಆಲ್ ಮೋಡ್ಸ್' ತೆರೆದು ಸ್ವಂತ ರೆಸಲ್ಯೂಷನ್ ತಾನಾಗಿಯೇ ಬಂದಿದೆಯೇ ನೋಡಿ.