ಕಾಲಡಿಯ ಕುರುಡು ಹಾವುಗಳು

ಎಲ್ಲರಿಗೂ ನಮಸ್ಕಾರ.

ಶಿರಸಿ ಸೀಮೆಯವರಿಗೆ ಹಾವು ಹೊಸದಲ್ಲ. ಕಾಳಿಂಗ, ನಾಗರ, ಕೇರೆ ಬಗ್ಗೆ ಮಾತಾಡುವವರು ಬಹಳ ಜನ ಇದ್ದಾರೆ. ಇವತ್ತು ನಾನು ಆರಿಸಿಕೊಂಡಿರುವುದು ಒಂದು ಗೇಣು ಕೂಡ ಇಲ್ಲದ ಹಾವು. ಮಳೆ ಹಿಡಿದ ಮೇಲೆ ಬಚ್ಚಲ ಮೋರಿಯಲ್ಲಿ, ಗೊಬ್ಬರಗುಂಡಿಯ ಅಂಚಿನಲ್ಲಿ, ಹೂವಿನ ಕುಂಡದ ಅಡಿಯಲ್ಲಿ ಕಪ್ಪಗೆ ಮಿಂಚುತ್ತಾ ಹರಿದಾಡುತ್ತದಲ್ಲ, ಅದೇ. ಕುರುಡು ಹಾವು, ಹುಳು ಹಾವು ಅಂತೀವಿ. ಅದರ ಬಿಲಕ್ಕೆ ನೀರು ನುಗ್ಗಿದಾಗ ಬೇರೆ ದಾರಿ ಇಲ್ಲದೆ ಮೇಲೆ ಬರುತ್ತದೆ. ನಾಗರ ಮರಿ ಅಂತ ಹೆದರಿ ಎಷ್ಟೋ ಮನೆಗಳಲ್ಲಿ ಬಿಸಿನೀರು ಸುರಿದು ಕೊಲ್ಲುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇದಕ್ಕೆ ವಿಷ ಇಲ್ಲ. ಇಷ್ಟು ಸಣ್ಣ ಬಾಯಲ್ಲಿ ಮನುಷ್ಯರನ್ನು ಕಚ್ಚಲೂ ಆಗುವುದಿಲ್ಲ.

ಗುರುತು ಹಿಡಿಯುವುದು ಹೇಗೆ? ಗಾಜಿನ ಬಾಟಲಿಗೆ ಹತ್ತಿಸಿಕೊಂಡು ಲೆನ್ಸ್ ಇಟ್ಟು ನೋಡಿ. ಎರೆಹುಳದ ಮೈ ತುಂಬ ಉಂಗುರ. ಇದರ ಮೈ ತುಂಬ ಹುರುಪೆ. ಕೇರೆಯನ್ನು ಮಗುಚಿದರೆ ಹೊಟ್ಟೆಯಡಿ ಅಗಲ ಪಟ್ಟಿಗಳು ಕಾಣುತ್ತವೆ, ಇದಕ್ಕೆ ಅವು ಇಲ್ಲ. ಬೆನ್ನು, ಹೊಟ್ಟೆ ಎಲ್ಲಾ ಕಡೆ ಒಂದೇ ಅಳತೆಯ ನುಣುಪು ಹುರುಪೆ. ನಮ್ಮ ಮನೆ ಸುತ್ತ ಸಿಗುವ ಸಾಮಾನ್ಯ ಜಾತಿಯಲ್ಲಿ ಮೈಸುತ್ತ ಎಣಿಸಿದರೆ 20 ಸಾಲು. ಕಣ್ಣು ಹುರುಪೆಯ ಅಡಿಯಲ್ಲಿ ಎರಡು ಕಪ್ಪು ಚುಕ್ಕಿ, ಅಷ್ಟೇ. ಅದಕ್ಕೆ ಆಕಾರ ಕಾಣುವುದಿಲ್ಲ, ಬೆಳಕು ಬಿದ್ದದ್ದು ಗೊತ್ತಾಗುತ್ತದೆ. ಬಾಲ ಮೋಟು, ತುದಿಯಲ್ಲಿ ಸಣ್ಣದೊಂದು ಮುಳ್ಳು. ಹಿಡಿದರೆ ಆ ಮುಳ್ಳನ್ನು ಕೈಗೆ ಒತ್ತುತ್ತದೆ. ಅದನ್ನೇ ಜನ ಕಚ್ಚಿತು ಅಂತಾರೆ. ಅದು ಒತ್ತುವುದರಿಂದ ಏನೂ ಆಗುವುದಿಲ್ಲ.

ತೋಟದ ಬಸಿಗಾಲುವೆಯ ಪಕ್ಕ ಮಣ್ಣು ಅಗೆಯುವಾಗ ಇನ್ನೊಂದು ಪ್ರಾಣಿ ಸಿಗುತ್ತದೆ. ಮೈ ಲೋಳೆ, ಉಂಗುರ ಉಂಗುರ. ಅದು ಸಿಸಿಲಿಯನ್, ಕಾಲಿಲ್ಲದ ಉಭಯಚರ, ಕಪ್ಪೆಯ ಕಡೆಯ ನೆಂಟ. ಹಾವು ಸೀಳುನಾಲಿಗೆ ಹೊರಚಾಚುತ್ತದೆ, ಸಿಸಿಲಿಯನ್ ಚಾಚುವುದಿಲ್ಲ.

ಇನ್ನು ಊಟ. ದೊಡ್ಡ ಬೇಟೆ ನುಂಗಿ ದಿನಗಟ್ಟಲೆ ಸುಮ್ನೆ ಬಿದ್ದಿರುವ ಹಾವುಗಳನ್ನು ನಾವು ಬಲ್ಲೆವು. ಕುರುಡು ಹಾವಿನ ಲೆಕ್ಕ ಬೇರೆ. ಇದಕ್ಕೆ ಬೇಕಾದದ್ದು ಇರುವೆ ಮತ್ತು ಗೆದ್ದಲಿನ ಮೊಟ್ಟೆ, ಮರಿಹುಳ, ಕೋಶ. ಅವು ಸಿಗುವುದು ಗೂಡಿನ ಒಳಗೆ, ಕಚ್ಚಲು ಕಾದಿರುವ ಇರುವೆಗಳ ನಡುವೆ. ಹೊಕ್ಕು, ಗಬಗಬ ತಿಂದು, ಹೊರಬೀಳಬೇಕು. ಅದಕ್ಕೇ ಅದರ ದವಡೆ ಉಳಿದ ಹಾವುಗಳ ಹಾಗಿಲ್ಲ. ನಮ್ಮ ಹಾವಿಗೆ ಕೆಳದವಡೆಯಲ್ಲಿ ಹಲ್ಲೇ ಇಲ್ಲ. ಮೇಲ್ದವಡೆಯ ಎರಡು ಪುಟ್ಟ ಮೂಳೆಗಳಲ್ಲಿ ಮಾತ್ರ ಹಲ್ಲು. ಆ ಮೂಳೆಗಳು ಎಡ ಒಮ್ಮೆ, ಬಲ ಒಮ್ಮೆ ಹಿಂದಕ್ಕೆ ಮಡಚಿ, ಅಂಗಳದ ದರಕು ಬಾಚಿ ಎಳೆದ ಹಾಗೆ ಮೊಟ್ಟೆಗಳನ್ನು ಗಂಟಲಿಗೆ ಎಳೆದುಕೊಳ್ಳುತ್ತವೆ. ದೊಡ್ಡ ಗೆದ್ದಲು ಸಿಕ್ಕಿದಾಗ ಇನ್ನೊಂದು ಉಪಾಯ ಮಾಡುತ್ತದೆ. ಹಿಂಬದಿಯಿಂದ ನುಂಗುತ್ತಾ ಹೋಗಿ, ತಲೆ ಬಾಯಿಂದ ಹೊರಗೆ ಉಳಿದಾಗ ನೆಲಕ್ಕೆ ಉಜ್ಜಿ ಕಿತ್ತುಹಾಕುತ್ತದೆ. ಜಪಾನಿನ ಸಂಶೋಧಕರು 2015ರಲ್ಲಿ ಇದನ್ನು ವರದಿ ಮಾಡಿದರು. ತಲೆ ಕಿತ್ತು ತಿನ್ನುವುದು ಹಾವುಗಳಲ್ಲಿ ಬಹಳ ಅಪರೂಪ.

ಈ ಹಾವಿನ ಮತ್ತೊಂದು ಸಂಗತಿ ನನಗೆ ಈಗಲೂ ಬೆರಗು. ಇದರಲ್ಲಿ ಗಂಡೇ ಇಲ್ಲ. ಸಿಕ್ಕಿದ್ದೆಲ್ಲಾ ಹೆಣ್ಣು. ಗಂಡಿನ ಹಂಗಿಲ್ಲದೆ ಮೊಟ್ಟೆ ಇಡುತ್ತದೆ, ಮರಿಗಳೂ ಎಲ್ಲಾ ಹೆಣ್ಣೇ. ಇದರ ಜೀವಕೋಶದಲ್ಲಿ ಪ್ರತಿ ವರ್ಣತಂತುವಿನ ಎರಡು ಪ್ರತಿಯ ಬದಲು ಮೂರು ಪ್ರತಿ ಇವೆ ಎಂದು 1987ರಲ್ಲಿ ಪ್ರಕಟವಾಯಿತು. ಒಂದೇ ಒಂದು ಹಾವು ಗಿಡದ ಬೇರಿನ ಮಣ್ಣಿನಲ್ಲಿ ಕೂತು ಹಡಗು ಹತ್ತಿದರೂ ಸಾಕು, ಇಳಿದ ಕಡೆ ಸಂಸಾರ ಶುರು. ಹೀಗೆ ಹವಾಯಿ, ಫ್ಲೋರಿಡಾ, ಆಫ್ರಿಕಾ, ಆಸ್ಟ್ರೇಲಿಯಾ ತನಕ ಹೋಗಿದೆ. ನೆಲದ ಹಾವುಗಳಲ್ಲಿ ಜಗತ್ತಿನಲ್ಲಿ ಇದರಷ್ಟು ಹರಡಿದ್ದು ಇನ್ನೊಂದಿಲ್ಲ.

ವರ್ಗೀಕರಣಕ್ಕೆ ಬರೋಣ. ಸ್ವಲ್ಪ ತಾಳ್ಮೆ ಇರಲಿ, ಯಾಕೆಂದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. ಭಾರತದ ಹಾವುಗಳನ್ನು ಅಧ್ಯಯನ ಮಾಡಿದ ವೈದ್ಯ ಪ್ಯಾಟ್ರಿಕ್ ರಸೆಲ್ 1796ರ ತನ್ನ ಪುಸ್ತಕದಲ್ಲಿ ವಿಶಾಖಪಟ್ಟಣದ ಇಂಥದೊಂದು ಹಾವಿನ ಚಿತ್ರ ಕೊಟ್ಟಿದ್ದ. ಅದನ್ನು ಆಧರಿಸಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ದೊದಾಂ 1803ರಲ್ಲಿ ಎರಿಕ್ಸ್ ಬ್ರಾಮಿನಸ್ ಎಂದು ಹೆಸರಿಟ್ಟ. ಎರಿಕ್ಸ್ ಅಂದರೆ ಮಣ್ಣುಮುಕ್ಕ ಹಾವಿನ ಕುಲ! ಮೋಟು ಬಾಲ ನೋಡಿದರೆ ಹಾಗೆ ಅನಿಸುವುದು ಸಹಜ. ಆಮೇಲೆ ಟಿಫ್ಲಾಪ್ಸ್ ಆಯಿತು, ರಾಂಫೋಟಿಫ್ಲಾಪ್ಸ್ ಆಯಿತು. 2014ರಿಂದ ಇಂಡೋಟಿಫ್ಲಾಪ್ಸ್ ಬ್ರಾಮಿನಸ್. ವಿಜ್ಞಾನಿಗಳು ಸುಮ್ನೆ ಹೆಸರು ಬದಲಿಸುತ್ತಾರೆ ಅಂತ ಬೇಸರ ಬೇಡ. ಹೊರಗೆ ನೋಡಿದರೆ ಈ ಹಾವುಗಳೆಲ್ಲಾ ಒಂದೇ ಥರ. ವ್ಯತ್ಯಾಸ ಇರುವುದು ದವಡೆಯಲ್ಲಿ, ಒಳಗಿನ ಅಂಗಗಳಲ್ಲಿ, ಡಿಎನ್‌ಎಯಲ್ಲಿ. ಅದನ್ನು ನೋಡಲು ಸಾಧ್ಯವಾದ ಹಾಗೆಲ್ಲಾ ಹಳೆಯ ಗುಂಪುಗಳು ಒಡೆದವು.

ಇವತ್ತು ಜಗತ್ತಿನಲ್ಲಿ 400ಕ್ಕೂ ಹೆಚ್ಚು ಜಾತಿಯ ಕುರುಡು ಹಾವುಗಳನ್ನು ಐದು ಕುಟುಂಬಗಳಲ್ಲಿ ಇಡುತ್ತಾರೆ. ಲೆಪ್ಟೋಟಿಫ್ಲಾಪಿಡೇ ಕುಟುಂಬದಲ್ಲಿ ಹಲ್ಲು ಕೆಳದವಡೆಯಲ್ಲಿ ಮಾತ್ರ, ನಮ್ಮ ಹಾವಿಗೆ ಪೂರಾ ಉಲ್ಟಾ. ಅಮೆರಿಕ ಖಂಡದ ಅನೊಮಲೆಪಿಡಿಡೇ ಕುಟುಂಬವಂತೂ ಉಳಿದ ಕುರುಡು ಹಾವುಗಳಿಗಿಂತ ನಾಗರ, ಹೆಬ್ಬಾವುಗಳ ಕವಲಿಗೆ ಹತ್ತಿರ ಎಂದು ಡಿಎನ್‌ಎ ಅಧ್ಯಯನಗಳು ತೋರಿಸುತ್ತಿವೆ. ಹಾಗಾದರೆ ಎಲ್ಲಾ ಹಾವುಗಳ ಮೂಲಪುರುಷ ಇಂಥದೇ ಮಣ್ಣೊಳಗಿನ ಕುರುಡು ಜೀವಿಯಾ, ಅಥವಾ ಈ ರೂಪ ಬೇರೆ ಬೇರೆಯಾಗಿ ಎರಡು ಸಲ ಬಂತಾ? ವಾದ ಇನ್ನೂ ನಡೆಯುತ್ತಿದೆ.

ಪಶ್ಚಿಮ ಘಟ್ಟದಲ್ಲಿ ಗೆರೋಪೈಲಸ್ ಕುಲದ ಕುರುಡು ಹಾವುಗಳೂ ಇವೆ. ಇವುಗಳ ತಲೆಯ ಹುರುಪೆ ಮೇಲೆ ಚುಕ್ಕಿ ಚುಕ್ಕಿಯಾಗಿ ಗ್ರಂಥಿಗಳು. 2010ರಲ್ಲಿ ಇವನ್ನು ಬೇರೆ ಕುಟುಂಬ ಮಾಡಿದರು. ಇನ್ನು ಗ್ರಿಪೋಟಿಫ್ಲಾಪ್ಸ್ ಅಕ್ಯೂಟಸ್. ಮೂತಿ ಕೊಕ್ಕಿನ ಹಾಗೆ ಬಾಗಿರುತ್ತದೆ, 60 ಸೆಂಟಿಮೀಟರ್ ತನಕ ಬೆಳೆಯುತ್ತದೆ. ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಸೊಪ್ಪಿನಬೆಟ್ಟ, ತೋಟ, ಗದ್ದೆಯ ಮಣ್ಣಿನ ಜೊತೆ ದಿನವೂ ಕೆಲಸ ಮಾಡುವವರು ನೀವು. ಗುದ್ದಲಿಗೆ ಇಂಥವು ಸಿಕ್ಕಿದರೆ ಮೊದಲು ನೋಡುವವರೂ ನೀವೇ.

ಸಿಕ್ಕಿದರೆ ಮೂರು ಫೋಟೋ ತೆಗೆಯಿರಿ: ತಲೆ ಮೇಲಿನಿಂದ, ತಲೆ ಪಕ್ಕದಿಂದ, ಬಾಲದ ತುದಿ. ಪಕ್ಕದ ಫೋಟೋ ಸ್ಪಷ್ಟವಾಗಿರಬೇಕು. ಮೂಗಿನ ಹೊಳ್ಳೆಯಿಂದ ಕೆಳಗೆ ಇಳಿಯುವ ಗೆರೆ ಯಾವ ಹುರುಪೆಗೆ ಮುಟ್ಟುತ್ತದೆ ಅನ್ನುವುದು ಜಾತಿ ಹೇಳಲು ಬೇಕು. ಜೊತೆಗೆ ಅಳತೆಪಟ್ಟಿ ಇಡಿ, ಊರು, ತಾರೀಕು ಬರೆದುಕೊಳ್ಳಿ. ಬಿಸಿಲಲ್ಲಿ ಜಾಸ್ತಿ ಹೊತ್ತು ಇಡಬೇಡಿ, ಬೇಗ ಒಣಗಿ ಸಾಯುತ್ತದೆ. ಸಿಕ್ಕ ಜಾಗದ ಹತ್ತಿರವೇ ಒದ್ದೆ ಮಣ್ಣಿಗೆ ಬಿಟ್ಟುಬಿಡಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.