ಪಾದೂರಿನ ಬಂಡೆಯೊಳಗೆ ಕಚ್ಚಾ ತೈಲ

ಇದು ಉಡುಪಿ ಜಿಲ್ಲೆಯ ಕಾಪು ಹತ್ತಿರದ ಪಾದೂರು. ಹೊರದೇಶದಿಂದ ಎಣ್ಣೆ ಬರುವುದು ತಪ್ಪಿದರೆ ತುರ್ತಿಗೆ ಇರಲಿ ಅಂತ, ಇಲ್ಲಿಯ ನೆಲದಡಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವಷ್ಟು ದೊಡ್ಡ ಗುಹೆಗಳನ್ನು ಕೊರೆದಿದ್ದಾರೆ. ಒಳಗೆ ಹೋಗಿ ಶೂಟ್ ಮಾಡಲು ಆಗುವುದಿಲ್ಲ. ಹೊರಗೆ ನಡೆಯುತ್ತಾ ಮಾತಾಡೋಣ.

ಈ ಎಣ್ಣೆ ಇಲ್ಲಿ ಹುಟ್ಟಿದ್ದಲ್ಲ, ಹಡಗಿನಲ್ಲಿ ಬಂದಿದ್ದು. ಎಣ್ಣೆ ಹುಟ್ಟುವುದು ಹೆಚ್ಚಾಗಿ ಹಳೆಯ ಸಮುದ್ರಗಳ ತಳದಲ್ಲಿ. ಕಣ್ಣಿಗೆ ಕಾಣದ ಪಾಚಿ, ಸಣ್ಣ ಜೀವಿಗಳು ಸತ್ತು ಕೆಸರಿನಲ್ಲಿ ಹೂತುಹೋಗುತ್ತವೆ. ಡೈನೋಸಾರ್ ಕರಗಿ ಪೆಟ್ರೋಲ್ ಆಯಿತು ಅಂತಾರಲ್ಲ, ಅದು ಸರಿಯಲ್ಲ. ಆ ಕೆಸರಿನ ಮೇಲೆ ಪದರ ಪದರವಾಗಿ ಮಣ್ಣು ಕೂರುತ್ತದೆ. ಕಿಲೋಮೀಟರ್‌ಗಟ್ಟಲೆ ಆಳದಲ್ಲಿ, ಸುಮಾರು 60ರಿಂದ 120 ಡಿಗ್ರಿ ಬಿಸಿಯಲ್ಲಿ, ಲಕ್ಷಾಂತರ ವರ್ಷ ಬೆಂದು ಎಣ್ಣೆಯಾಗುತ್ತದೆ. ಬಿಸಿ ಇನ್ನೂ ಏರಿದರೆ ಗ್ಯಾಸ್ ಆಗುತ್ತದೆ.

ಎರಡರಲ್ಲೂ ಇರುವುದು ಮುಖ್ಯವಾಗಿ ಕಾರ್ಬನ್, ಹೈಡ್ರೋಜನ್. ಹೈಡ್ರೋಕಾರ್ಬನ್ ಅಂದರೆ ಅಷ್ಟೇ. ಅಣುವಿನಲ್ಲಿ ಒಂದೇ ಕಾರ್ಬನ್ ಇದ್ದರೆ ಮೀಥೇನ್. ಕೊಚ್ಚಿಯಿಂದ ಮಂಗಳೂರಿಗೆ ಪೈಪ್‌ಲೈನಿನಲ್ಲಿ ಬರುವ ನೈಸರ್ಗಿಕ ಅನಿಲದಲ್ಲಿ ಹೆಚ್ಚಿನ ಪಾಲು ಅದೇ. ಮೂರು, ನಾಲ್ಕು ಕಾರ್ಬನ್ ಇದ್ದರೆ ಪ್ರೊಪೇನ್, ಬ್ಯೂಟೇನ್, ಅಂದರೆ ನಮ್ಮ ಅಡುಗೆ ಸಿಲಿಂಡರ್. ಹೀಗೆ ಕಾರ್ಬನ್‌ಗಳ ಸರಪಳಿ ಉದ್ದವಾದಂತೆ ಪೆಟ್ರೋಲ್, ಡೀಸೆಲ್, ಕೊನೆಗೆ ಡಾಂಬರು. ಕಚ್ಚಾ ತೈಲದಲ್ಲಿ ಇವೆಲ್ಲ ಬೆರೆತಿರುತ್ತವೆ. ರಿಫೈನರಿಯಲ್ಲಿ ಕಾಯಿಸಿ ಬೇರೆ ಬೇರೆ ಮಾಡುತ್ತಾರೆ.

ಭೂಮಿಯೊಳಗೆ ಎಣ್ಣೆ ಕೆರೆಯ ಹಾಗೆ ನಿಂತಿದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅಲ್ವಾ? ಎಣ್ಣೆ ತೆಗೆಯುವ ಮುಂಬೈ ಕಡಲಿನ ಬಾಂಬೆ ಹೈಯಲ್ಲಾಗಲಿ, ಅಸ್ಸಾಮಿನ ದಿಗ್ಬೋಯಿಯಲ್ಲಾಗಲಿ ಹಾಗಿಲ್ಲ. ಅಲ್ಲಿ ಎಣ್ಣೆ ಇರುವುದು ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ. ಮೇಲೊಂದು ಗಟ್ಟಿ ಪದರ ಮುಚ್ಚಿರುವುದರಿಂದ ಅದು ಅಲ್ಲೇ ಉಳಿದಿದೆ.

ಕೆರೆಯ ಹಾಗೆ ನಿಲ್ಲುವುದು ಪಾದೂರಿನಲ್ಲಿ! ನನಗೆ ಇಲ್ಲಿಗೆ ಬರಬೇಕು ಅನಿಸಿದ್ದೇ ಅದಕ್ಕೆ. ಈ ಕರಾವಳಿಯ ಹಳೆಯ ಗಟ್ಟಿ ಬಂಡೆಯಲ್ಲಿ ಎಣ್ಣೆ ಹುಟ್ಟುವುದಿಲ್ಲ. ಆದರೆ ಕೊರೆದರೆ ಗುಹೆ ಕುಸಿಯದೆ ನಿಲ್ಲುತ್ತದೆ. ಗೋಡೆಗೆ ಉಕ್ಕಿನ ಹೊದಿಕೆ ಇಲ್ಲ. ಹಾಗಾದರೆ ಬಿರುಕುಗಳಲ್ಲಿ ಎಣ್ಣೆ ಸೋರುವುದಿಲ್ಲವೇ? ಅದನ್ನು ತಡೆಯುವುದು ನೀರು. ಗುಹೆ ಅಂತರ್ಜಲದ ಮಟ್ಟಕ್ಕಿಂತ ಕೆಳಗಿದೆ. ಮೇಲಿನಿಂದಲೂ ಬಂಡೆಗೆ ನೀರು ಊಡುತ್ತಾರೆ. ಸುತ್ತಲಿನ ನೀರಿನ ಒತ್ತಡ ಒಳಗಿನದಕ್ಕಿಂತ ಜಾಸ್ತಿ ಇರುವುದರಿಂದ ಎಣ್ಣೆ ಹೊರಗೆ ಹೋಗುವುದಿಲ್ಲ, ನೀರೇ ಒಳಗೆ ಜಿನುಗುತ್ತದೆ. ನೀರು ಭಾರ, ತಳಕ್ಕೆ ಇಳಿಯುತ್ತದೆ. ಅದನ್ನು ಪಂಪ್ ಮಾಡಿ ತೆಗೆಯುತ್ತಾರೆ. ಎಂಥ ಒಳ್ಳೆಯ ಉಪಾಯ ನೋಡಿ!

ಇಂಥ ಗುಹೆಗಳು ಮಂಗಳೂರು, ವಿಶಾಖಪಟ್ಟಣದಲ್ಲೂ ಇವೆ. ಪಾದೂರು ಸೇರಿ ಮೂರೂ ಕಡೆ 53.3 ಲಕ್ಷ ಟನ್ ಹಿಡಿಸುತ್ತದೆ. ಪೂರ್ತಿ ತುಂಬಿದರೂ ದೇಶಕ್ಕೆ ಬರುವುದು ಸುಮಾರು ಒಂಬತ್ತೂವರೆ ದಿನಕ್ಕೆ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಪಾಲು ಹೊರದೇಶದ್ದು. ಹಾಗಾಗಿ ಇದು ಕಡಿಮೆಯೇ. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ನಿನ ಗುಹೆಗಳಿಗೆ ಕೇಂದ್ರ ಸಂಪುಟ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದಕ್ಕೆ ಜಾಗ ಬಿಟ್ಟುಕೊಡಬೇಕಾದವರ ಮಾತು ಕೇಳದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಮುಂದಿನ ವಿಡಿಯೋ ಅವರದ್ದೇ.